ಚಲಪತಿಯ ಕತ್ತಿ ಬಿಕರಿಯಾದದ್ದು

ಚಲಪತಿಗೆ ಬದುಕಿದ್ದಾಗ ಒಂದು ವ್ಯಾಪಾರವೂ ಕೈಹತ್ತಲಿಲ್ಲ. ಕ್ಯಾಸಂಬಳ್ಳಿ ಕಡೆಯ ದನದ ದಲ್ಲಾಳಿಗಳು ಅವನನ್ನು ದೂರದಿಂದ ಕಂಡರೇ ಟವೆಲು ಕೊಡವಿಕೊಳ್ಳುತ್ತಿದ್ದರು. ಟವೆಲಿನ ಕೆಳಗೆ ಕೈಹಿಡಿದು, ಬೆರಳು ಒತ್ತಿ ರೇಟು ಹೇಳುವುದು ಅಲ್ಲಿಯ ಪದ್ಧತಿ. ದಲ್ಲಾಳಿ ಎರಡು ಬೆರಳು ಒತ್ತಿದರೆ ಮೂರನೆಯದನ್ನು ಕೇಳಲು ನಾಚಿ ಚಲಪತಿ ಹೂಂ ಅಂದುಬಿಡುತ್ತಿದ್ದ. ಹೊಸದಾಗಿ ಕರು ಹಾಕಿದ ಹಸುವನ್ನು ಹಾಗೇ ಕೊಟ್ಟ. ಹಗ್ಗವನ್ನಾದರೂ ಬಿಚ್ಚಿಕೊಂಡು ಬರಬೇಕಲ್ಲ, ಅದನ್ನೂ ಕೊಟ್ಟು ಬಂದ.

ಆಮೇಲೆ ಹೆಂಡತಿ ಮುನಿಲಕ್ಷ್ಮಿಯೇ ಹೋಗತೊಡಗಿದಳು. ಟವೆಲಿನ ಬದಲು ಸೆರಗು ಹಿಡಿದಳು. ದಲ್ಲಾಳಿ ಕೈ ಹಿಂದಕ್ಕೆಳೆದುಕೊಂಡು ರೇಟನ್ನು ಬಾಯಲ್ಲೇ ಹೇಳಿದ. ಬಾಯಲ್ಲಿ ಹೇಳಿದ ರೇಟಿಗೆ ಮುನಿಲಕ್ಷ್ಮಿ ಯಾವತ್ತೂ ಒಪ್ಪಿದವಳಲ್ಲ.

ಇಂಥ ಚಲಪತಿ ಫೋನಿನೊಳಗೆ ಮಾತ್ರ ಭಾರೀ ಬಿಗಿ. ಬೆಂಗಳೂರಲ್ಲಿ ವಾಚ್‌ಮನ್ ಕೆಲಸ. ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತರೆ ಇಳಿಯುವವರೆಗೂ ಒಂದೇ ಆಟ. ಅದರಲ್ಲಿ ಅವನೊಬ್ಬ ವೀರ. ಗುಹೆಗೆ ನುಗ್ಗಬೇಕು, ರಾಕ್ಷಸರನ್ನು ಕೊಲ್ಲಬೇಕು, ಅವರ ಒಡವೆ, ಕತ್ತಿ, ಕಿರೀಟ ಬಾಚಿ ಚೀಲಕ್ಕೆ ತುಂಬಬೇಕು. ತುಂಬಿದ್ದನ್ನು ಪೇಟೆಬೀದಿಯ ಸಾಹುಕಾರನಿಗೆ ಮಾರಬೇಕು. ಆ ಸಾಹುಕಾರ ಬಿಳಿ ಗಡ್ಡದವನು. ಏನು ತೋರಿಸಿದರೂ ಕಾಲು ಬೆಲೆ ಹೇಳುತ್ತಾನೆ. ಕೊಟ್ಟದ್ದನ್ನೇ ತಿರುಗಿ ಕೇಳಿದರೆ ಪೂರ್ತಿ ಬೆಲೆಯ ಮೇಲೆ ಇನ್ನಷ್ಟು ಸೇರಿಸುತ್ತಾನೆ. ಬಂಗಾರಪೇಟೆಯಲ್ಲಿ ಅಂಗಡಿ ಹಾಕಿದ್ದರೆ ಇಷ್ಟು ಹೊತ್ತಿಗೆ ಮೂರು ಮಹಡಿ ಎತ್ತುತ್ತಿದ್ದ ಎಂದು ಮುನಿಲಕ್ಷ್ಮಿ ನಗುತ್ತಿದ್ದಳು.

ಚಲಪತಿ ಅವನಿಗೆ ಒಂದು ಉಂಗುರ ಕೂಡ ಮಾರಲಿಲ್ಲ. ನೀಲಿ ಕಲ್ಲಿನ ಕತ್ತಿಯೊಂದು ಸಿಕ್ಕಿತ್ತು. ಅದನ್ನು ತೋರಿಸುವುದು, ರೇಟು ಕೇಳುವುದು, ಬೇಡ ಎಂದು ಒತ್ತುವುದು. ಮಾರನೆಯ ದಿನ ಮತ್ತೆ ಅದೇ. ಹಸು ಕೊಟ್ಟಾಗ ಈ ರೋಷ ಎಲ್ಲಿತ್ತು ಎಂದು ಹೆಂಡತಿ ಕೇಳಿದಳು.

"ಇವನು ಕೈ ಇಡ್ಕೊಳ್ಳಾಕಿಲ್ಲ ಕಣೇ, ಅದ್ಕೆ ಧೈರ್ಯ ಬತ್ತೈತೆ" ಅಂದ ಅವನು.

ಹೋದ ವರ್ಷ ಡ್ಯೂಟಿಯಲ್ಲಿ ಕುರ್ಚಿ ಮೇಲೆ ಕೂತವನು ಏಳಲಿಲ್ಲ. ಕಂಪನಿಯವರು ಟೋಪಿ, ಬೆಲ್ಟು ಇಟ್ಟುಕೊಂಡರು. ಫೋನು ಕೊಟ್ಟು ಕಳಿಸಿದರು.

ಮುನಿಲಕ್ಷ್ಮಿ ಡೈರಿಗೆ ಹಾಲು ಹಾಕಿ ಬಂದು ಆ ಫೋನು ತೆರೆಯುತ್ತಾಳೆ. ಆಟದಲ್ಲಿ ಚಲಪತಿಯ ಆಳು, ಆ ವೀರ, ಸಾಹುಕಾರನ ಅಂಗಡಿ ಮುಂದೆ ನಿಂತಿದ್ದಾನೆ. ಚಲಪತಿ ಕೊನೆಗೆ ಬಿಟ್ಟದ್ದು ಅಲ್ಲೇ. ಯಾರೂ ಆಡಿಸದಿದ್ದರೂ ಅವನ ಭುಜ ಏಳುತ್ತದೆ, ಇಳಿಯುತ್ತದೆ. ಉಸಿರಾಡುತ್ತಾನೆ. ಅವಳು ಅಷ್ಟು ನೋಡಿ ಮುಚ್ಚುತ್ತಾಳೆ. ಏನನ್ನೂ ಮುಟ್ಟುವುದಿಲ್ಲ.

ಹೀಗಿರುವಾಗ ಮೈದುನ ಬಾಲಾಜಿ ಬಂದ. ತಿಥಿಯ ದಿನ ಎಲೆ ಹಾಕುವ ಹೊತ್ತಿಗೆ ಬಂದು ಎಲೆ ಎತ್ತುವ ಹೊತ್ತಿಗೆ ಹೋಗಿದ್ದವನು, ಈಗ ಅಣ್ಣನ ಫೋಟೋ ಮುಂದೆ ನಿಂತು ಕಣ್ಣೊರೆಸಿಕೊಂಡ. ಆಮೇಲೆ ಫೋನು ಎಲ್ಲಿದೆ ಅಂದ. ರಾಬರ್ಟ್‌ಸನ್‌ಪೇಟೆಯ ಮೊಬೈಲ್ ಅಂಗಡಿಯವನೊಬ್ಬ ಹೇಳಿದ್ದನಂತೆ: ಅಂಥ ಕತ್ತಿ, ಕಿರೀಟ ಇರುವ ಆಟವನ್ನು ಹುಚ್ಚರು ನಿಜವಾದ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಳೆಯದಾಯಿತೆಂದು ಅಣ್ಣನಿಗೆ ಫೋನು ಕೊಟ್ಟದ್ದು ತಾನು, ಸಿಮ್ಮು ತನ್ನ ಹೆಸರಲ್ಲೇ ಇದೆ, ಆದ್ದರಿಂದ ಮಾಲು ತನ್ನದು ಎಂಬುದು ಬಾಲಾಜಿಯ ವಾದ. ಮುನಿಲಕ್ಷ್ಮಿ ಕೊಡುವುದಿಲ್ಲ ಅಂದಳು. ಅವನು ಊರಿನ ಹಿರಿಯ ಮುನಿನಾರಾಯಣಪ್ಪನನ್ನು ಕರೆತಂದ.

ಮುನಿನಾರಾಯಣಪ್ಪ ಊರಿನ ಎಲ್ಲ ಪಾಲುಪಾರೀಕತ್ತಿಗೂ ಕೂತವನು. ಜಗಲಿ ಮೇಲೆ ಕೂತು, ಫೋನನ್ನು ದೂರ ಹಿಡಿದು ನೋಡಿದ. ಕಿರೀಟ ಎಷ್ಟು ತೊಲ ಇದ್ದೀತು ಎಂದು ಕೇಳಿದ. ತೂಗುವ ಹಾಗಿಲ್ಲ ಎಂದರು. ಚಲಪತಿಯ ಸ್ವಂತ ಸಂಪಾದನೆಯೋ, ಪಿತ್ರಾರ್ಜಿತವೋ ಎಂದ. ರಾಕ್ಷಸರಿಂದ ಕಿತ್ತುಕೊಂಡದ್ದು ಎಂದಳು ಮುನಿಲಕ್ಷ್ಮಿ. ಹಾಗಾದರೆ ಆ ರಾಕ್ಷಸರ ಕಡೆಯವರು ಯಾರೂ ತಕರಾರಿಗೆ ಬರುವುದಿಲ್ಲ ತಾನೆ ಎಂದು ಹಿರಿಯ ಖಾತ್ರಿ ಮಾಡಿಕೊಂಡ. ಕೊನೆಗೆ ತೀರ್ಮಾನ ಹೇಳಿದ. ಫೋನು ಹೆಂಡತಿಗೆ. ಒಳಗಿನ ಮಾಲು ಮಾರಿ, ಬಂದದ್ದರಲ್ಲಿ ಸರಿಪಾಲು.

ಬಾಲಾಜಿ ಕೈಚಾಚಿದ. ಫೋನು ರಾಬರ್ಟ್‌ಸನ್‌ಪೇಟೆಗೆ ಒಯ್ದು, ಮಾಲು ಮಾರಿ, ಸಂಜೆಗೆ ತಂದುಕೊಡುತ್ತೇನೆ ಅಂದ. ಔಷಧಿ ಹೊಡೆಯುವ ಪಂಪನ್ನೂ ಸಂಜೆಗೆ ತರುತ್ತೇನೆಂದೇ ಒಯ್ದಿದ್ದ. ಅದು ಹೋಗಿ ಎರಡು ಟೊಮೆಟೊ ಬೆಳೆ ಆಗಿತ್ತು. ಫೋನು ಒಮ್ಮೆ ಹೊಸಿಲು ದಾಟಿದರೆ ಒಳಗಿರುವ ಆಳೂ ಹೋದ ಎಂದು ಮುನಿಲಕ್ಷ್ಮಿಗೆ ಗೊತ್ತಿತ್ತು. ಕತ್ತಿ ಹೋದರೆ ಹೋಗಲಿ. ಅವನು ಹೋಗಬಾರದು.

"ಮಾಲು ಮಾರೋದು ತಾನೆ ಮಾವ? ಅಷ್ಟು ದೂರ ಯಾಕೆ, ಇಲ್ಲೇ ಮಾರ್ತೀನಿ" ಅಂದಳು.

ಜಗಲಿಯ ಕೆಳಗೆ ಕೂತು ಸಾಹುಕಾರನನ್ನು ಒತ್ತಿದಳು. ಓದು ಬರದಿದ್ದರೂ ಗಂಡ ಒತ್ತುವುದನ್ನು ಪಕ್ಕದಲ್ಲಿ ಕೂತು ನೋಡಿದ್ದಳು. ಉಂಗುರ ಹೋಯಿತು. ಕಾಸು ಝಣ್ ಅಂದಿತು. ಹಾರ ಹೋಯಿತು. ಕಿರೀಟ ಹೋಯಿತು. ಅತ್ತಿಗೆ ಮಾಲು ತೋರಿಸುತ್ತಿದ್ದಾಳೆ ಎಂದುಕೊಂಡು ಬಾಲಾಜಿ ಬಾಗಿ ನೋಡುತ್ತಿದ್ದ. ನೀಲಿ ಕತ್ತಿ ಬಂದಾಗ ಅವಳ ಬೆರಳು ಒಂದು ಗಳಿಗೆ ನಿಂತಿತು. ಸಾಹುಕಾರ ಅದೇ ಕಾಲು ಬೆಲೆ ಹೇಳಿದ. ಒತ್ತಿಬಿಟ್ಟಳು.

ಬಾಲಾಜಿಗೆ ಆಗ ಅರ್ಥವಾಯಿತು. "ಅತ್ತಿಗೆ, ಅದು ಆಟದ ಕಾಸು, ಸುಮ್ನೆ ಬಿಸಾಕಿದಂಗೆ. ಏನು ಮಾಡ್ತಾ ಇದ್ದೀಯ?"

"ನಿಮ್ಮಣ್ಣ ದಲ್ಲಾಳಿಗೆ ಅಸು ಮಾರಿದ್ನಲ್ಲ, ಅಂಗೇ ಮಾರ್ತಾ ಇದ್ದೀನಿ ಕಣಪ್ಪ. ಅವತ್ತು ಜೊತೇಲಿದ್ದೋನು ನೀನೇ ಅಲ್ವಾ. ಬಾಯಿ ಬಿಡ್ಲಿಲ್ಲ."

ಚೀಲ ಬರಿದಾಗುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ಫೋನು ಅವನ ಮುಂದೆ ಹಿಡಿದು, ಅರ್ಧ ನಿಂದು, ಜೇಬು ಹಿಡಿ ಅಂದಳು. ಪರದೆಯ ಮೇಲೆ ಕಾಸಿನ ಗುಡ್ಡೆ ಹೊಳೆಯುತ್ತಿತ್ತು. ಬಾಲಾಜಿ ಫೋನು ಕಿತ್ತುಕೊಂಡು ಕತ್ತಿಯನ್ನು ತಿರುಗಿ ಕೊಳ್ಳಲು ಒತ್ತಿದ. ಸಾಹುಕಾರ ಕೆಂಪು ಅಕ್ಷರದಲ್ಲಿ ಬೆಲೆ ತೋರಿಸಿದ. ಮಾರಿದ ಅಷ್ಟೂ ಮಾಲಿನ ಕಾಸು ಸೇರಿಸಿದರೂ ಸಾಲದು. ಮತ್ತೆ ಮತ್ತೆ ಒತ್ತಿದ. ಸಾಹುಕಾರ ಗಡ್ಡ ನೀವಿಕೊಂಡ.

ಬಾಲಾಜಿ ಹಿರಿಯನನ್ನು ನೋಡಿದ. ತೀರ್ಮಾನದಂತೇ ನಡೆದಿದೆ, ಇನ್ನು ತಕರಾರಿಲ್ಲ ಎಂದು ಮುನಿನಾರಾಯಣಪ್ಪ ಎದ್ದು ಪಂಚೆ ಕೊಡವಿದ. ಬಾಲಾಜಿ ಫೋನನ್ನು ಜಗಲಿ ಮೇಲೆ ಬಿಸಾಡಿ ಸ್ಕೂಟರ್ ಒದ್ದ. ಅದೂ ಎರಡು ಸಲ ಒದೆಸಿಕೊಂಡೇ ಹೊರಟಿತು.

ಮುನಿಲಕ್ಷ್ಮಿ ಫೋನು ಎತ್ತಿಕೊಂಡಳು. ಒಡೆದಿರಲಿಲ್ಲ. ಒಳಗೆ ನೋಡಿದವಳಿಗೆ ಮುಖ ಬಿಸಿಯಾಯಿತು. ಸಿಟ್ಟಿನಲ್ಲಿ ಒಳಗಿದ್ದವನ ಮೈಮೇಲಿನದನ್ನೂ ಮಾರಿಬಿಟ್ಟಿದ್ದಳು. ಕವಚವಿಲ್ಲ, ಜೋಡಿಲ್ಲ. ಪೇಟೆಬೀದಿಯ ನಡುವೆ ಚಡ್ಡಿಯಲ್ಲಿ ನಿಂತಿದ್ದಾನೆ. ಕೊಡ ಹೊತ್ತ ಹೆಂಗಸರು ಅವನ ಪಕ್ಕದಲ್ಲೇ ಹೋಗುತ್ತಿದ್ದಾರೆ. ಚಲಪತಿ ಅಂಗಿ ಹಾಕದೆ ಬೀದಿ ನಲ್ಲಿಗೂ ಹೋದವನಲ್ಲ.

ಸಾಹುಕಾರನ ಮಾಲಿನಲ್ಲಿ ಹುಡುಕಿದಳು. ಕವಚ ಬೇಕಿರಲಿಲ್ಲ. ಒಂದು ಕಂದು ಅಂಗಿ ಇತ್ತು, ಕವಚದ ಒಳಗೆ ಅವನು ಹಾಕಿದ್ದದ್ದು. ಆಗತಾನೆ ಕೊಂಡದ್ದಕ್ಕೆ ಸಾಹುಕಾರ ಐದು ಪಟ್ಟು ಹೇಳಿದ. ಮುನಿಲಕ್ಷ್ಮಿ ತನ್ನ ಪಾಲಿನಿಂದ ಅವನು ಹೇಳಿದಷ್ಟನ್ನೂ ಕೊಟ್ಟಳು.