ಅಕ್ಕನ ವೈನ್ ಬಾಟಲಿಗೆ ಮುನ್ನೂರು ರೂಪಾಯಿ ಶುಲ್ಕ

ಗೆಳೆಯರೇ, ನಾವೇ ತಂದ ವೈನ್ ಬಾಟಲಿ ತೆರೆಯಲೂ ಬಾರಿನವರು ದುಡ್ಡು ಕೇಳುತ್ತಾರೆ ಎಂಬುದು ನನಗೆ ತಿಳಿದದ್ದು ಇವತ್ತು ಮಧ್ಯಾಹ್ನ, ಸಿಂಧನೂರಿನಲ್ಲಿ.

ಬಾಟಲಿ ನಮ್ಮಕ್ಕನದು. ಮಸ್ಕಿಯಲ್ಲಿ ನರ್ಸ್ ಆಗಿದ್ದ ಅವಳು ಹೋದ ತಿಂಗಳು ನಿವೃತ್ತಳಾದಾಗ, ಜೊತೆಗೆ ದುಡಿದ ಡಾಕ್ಟರಮ್ಮ ಕೊಟ್ಟ ಉಡುಗೊರೆ. ಅವಳ ಮನೆಯಲ್ಲಿ ದಿನಾ ಲಿಂಗಪೂಜೆ. ಹಾಗಾಗಿ ಅದು ಸೀರೆಗಳ ಅಡಿಯಲ್ಲೇ ಇತ್ತು. "ಒಮ್ಮಿ ರುಚಿ ನೋಡ್ತೀನಿ, ನೀನೂ ಬಾ" ಎಂದು ತಂಗಿಯಾದ ನನ್ನನ್ನು ಕರೆತಂದಳು. ಒಂದು ಬಾರಿನ ಫ್ಯಾಮಿಲಿ ರೂಮಿನಲ್ಲಿ ಕುಳಿತೆವು.

ಮಾಲೀಕರು ಬಾಟಲಿ ನೋಡಿದರು. "ಹೊರಗಿಂದು ತಂದ್ರ ಮುನ್ನೂರು ರೂಪಾಯಿ ಆಗ್ತೈತ್ರೀ ಅಕ್ಕಾರ."

ನನಗೆ ರೇಗಿತು. "ಬಾಟ್ಲಿ ನಮ್ದು, ಕುಡಿಯೋರು ನಾವು. ನಿಮಗ್ಯಾಕ್ರೀ ರೊಕ್ಕ?"

"ಕುಂದ್ರಾಕ ಜಾಗ ನಮ್ದೈತಲ್ರೀ" ಎಂದರು, ಸಮಾಧಾನದಿಂದಲೇ.

ನಾನು ಎದ್ದು ನಿಂತೆ. ಅಕ್ಕ ಕೈ ಹಿಡಿದು ಕೂರಿಸಿದಳು. "ಅವ್ರು ಹೇಳೋದು ಖರೇ ಐತಿ. ಒಂದು ತಿಂಗ್ಳಿಂದ ಜಾಗಾನೇ ಹುಡುಕಾಕತ್ತೀನಿ. ನನ್ನ ಮನ್ಯಾಗ ಇಲ್ಲ, ತವರಾಗ ಇಲ್ಲ. ನಿನ್ನ ಮನಿಗೆ ತಂದಿದ್ರ ನೀ ಏನಂತಿದ್ದಿ?"

ಬಾಟಲಿ ತೆರೆಯಲೆಂದು ನಾನೇ ಅದನ್ನು ಮಾಲೀಕರ ಕಡೆ ಸರಿಸಿದೆ.

ಮೊದಲ ಗುಟುಕಿಗೆ ಅಕ್ಕ ಮುಖ ಕಿವುಚಿದಳು. "ಹುಳಿ ಐತಿ" ಎಂದಳು. ಆದರೂ ಆ ಗ್ಲಾಸನ್ನು ಅವಸರವಿಲ್ಲದೆ, ಕೊನೆಯವರೆಗೂ ಕುಡಿದಳು.

ಮುನ್ನೂರು ನಾನೇ ಕೊಟ್ಟೆ. ಲಿಂಗಸುಗೂರಿನ ನಮ್ಮ ಮನೆಯ ಕಪಾಟಿನಲ್ಲಿ ನನ್ನ ಗಂಡನ ಬಾಟಲಿಗಳಿಗೆಂದೇ ಒಂದು ಖಾನೆ ಇದೆ. ಜಾಗದ ದುಡ್ಡನ್ನು ಅವರ ಹತ್ತಿರ ಇದುವರೆಗೆ ಯಾರೂ ಕೇಳಿಲ್ಲ.