ಹಾಯ್ಟನ ಮದ್ದಿನ ಕುಪ್ಪಿ

ಓಲೀಟಾ ಪ್ರೂಯಿಟ್ ಲೆಕ್ಕದಲ್ಲಿ ಮನುಷ್ಯರಲ್ಲಿ ಇರುವುದು ಎರಡೇ ಜಾತಿ: ಪೆದ್ದರು, ಮತ್ತು ಇನ್ನೂ ಬಾಯಿ ಬಿಡದ ಪೆದ್ದರು. ಮಿಸೌರಿಯ ಓಝಾರ್ಕ್ ಗುಡ್ಡಗಳ ಸಂದಿಯಲ್ಲಿ, ಬ್ಯೂಲಾ ಹಳ್ಳದ ದಂಡೆಯ ಮೇಲಿರುವ ಕೇಪು ಸಿಡಿಸಿ ಗುಂಡು ಹೊಡೆಯುವ ಹಳೇ ಕಾಲದ ಕೋವಿಗಳ ಕ್ಲಬ್ಬಿನಲ್ಲಿ, ಕೋವಿಗೆ ಮದ್ದು ತುಂಬುವ ಬೆಂಚು ಅವಳ ಸುಪರ್ದಿ. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆ ನೋಡಿ, ಸರಿಯಿಲ್ಲದ ಜೋಡುಗಳನ್ನು ಮೂಲೆಯ ಬುಟ್ಟಿಗೆ ಎಸೆಯುತ್ತಿದ್ದಳು. ಕಾರ್ಖಾನೆ ಮುಚ್ಚಿತು, ಎಸೆಯುವ ಚಟ ಮಾತ್ರ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಗಡ್ಡದ ಗಂಡಸರೆಲ್ಲ ಹಳೇ ಕಾಲದ ಟೋಪಿ ಹಾಕಿಕೊಂಡು, ಸೊಂಟದಲ್ಲಿ ಕೇಪಿನ ರಿವಾಲ್ವರ್ ಸಿಕ್ಕಿಸಿಕೊಂಡು, ಅವಳ ಮುಂದೆ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬನ ಮದ್ದಿನ ಕುಪ್ಪಿಯನ್ನೂ ಅವಳು ಖಾಲಿ ಮಾಡಿಸಿ ಕೈಗೆ ತೆಗೆದುಕೊಳ್ಳುತ್ತಾಳೆ. ಬೆಸುಗೆಯ ಉದ್ದಕ್ಕೂ ಉಗುರು ಎಳೆಯುತ್ತಾಳೆ. ಮೂತಿಗೆ ಬೆರಳು ಒತ್ತಿ, ಕುಪ್ಪಿಯನ್ನು ತಲೆಕೆಳಗು ಮಾಡಿ, ಕತ್ತಿನ ಬಳಿ ಮದ್ದು ಬಿಡುವ ಪುಟ್ಟ ಸನ್ನೆಕೀಲನ್ನು ಒತ್ತಿ ಬಿಡುತ್ತಾಳೆ. ಒಳಗಿನ ಬಾಗಿಲು ಟಕ್ಕನೆ ಮುಚ್ಚಿದರೆ ಸರಿ. ಸೋಮಾರಿಯ ಹಾಗೆ ನಿಧಾನಕ್ಕೆ ಮುಚ್ಚಿದರೆ ಕುಪ್ಪಿಯೂ ವಾಪಸ್, ಒಡೆಯನೂ ವಾಪಸ್.

ಪಾಸಾದ ಕುಪ್ಪಿಯೂ ಬೆಂಚಿಗೆ ಬರುವಂತಿಲ್ಲ. ಅದು ಹತ್ತು ಹೆಜ್ಜೆ ಹಿಂದಿನ ಮೇಜಿನ ಮೇಲೆ, ಮೂತಿ ಮುಚ್ಚಿಕೊಂಡು ಕೂರಬೇಕು. ಅಲ್ಲೇ ಒಂದೊಂದು ಗುಂಡಿಗೆ ಬೇಕಾದಷ್ಟು ಮದ್ದನ್ನು ಪುಟ್ಟ ಕೊಳವೆಗಳಿಗೆ ಅಳೆದುಕೊಂಡು, ಆ ಕೊಳವೆಗಳನ್ನು ಮಾತ್ರ ಬೆಂಚಿಗೆ ತಂದು, ರಿವಾಲ್ವರಿನಲ್ಲಿ ಗುಂಡು ಕೂರುವ ಗೂಡುಗಳಿಗೆ ಸುರಿಯಬೇಕು. ಗೂಡಿನಲ್ಲಿ ಕಣ್ಣಿಗೆ ಕಾಣದ ಕಿಡಿ ಉಳಿದಿದ್ದರೂ ಆಗ ಉರಿಯುವುದು ಚಿಟಿಕೆ ಮದ್ದು, ಮೀಸೆ ಸುಟ್ಟೀತು ಅಷ್ಟೆ. ಕುಪ್ಪಿಯಿಂದಲೇ ನೇರ ಸುರಿದರೆ ಕಿಡಿ ಮೂತಿ ಹತ್ತಿ ಒಳಗೆ ಹೋಗುತ್ತದೆ, ಕೈಯಲ್ಲಿ ಹಿಡಿದಿರುವುದು ಕುಪ್ಪಿಯಲ್ಲ, ಬಾಂಬು. ಇಷ್ಟನ್ನು ವರ್ಷಕ್ಕೆ ಐವತ್ತು ಸಲ ಹೇಳಬೇಕಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಗಂಡ ಹಾಯ್ಟ್ ಈ ಕ್ಲಬ್ಬನ್ನು ಕಟ್ಟಿದವನು. ಸುತ್ತಲಿನ ಅರ್ಧ ಸೀಮೆಗೆ ಮದ್ದು ತುಂಬುವುದನ್ನು ಕಲಿಸಿದವನು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಕುಪ್ಪಿ ಸಿಡಿದು ಅವನ ಬಲಗೈಯ ಮೂರು ಬೆರಳು ಹೋದವು. ಕುಪ್ಪಿಯ ಬೆಸುಗೆ ಕೆಟ್ಟಿತ್ತು ಎಂದು ಹಾಯ್ಟ್ ಎಲ್ಲರಿಗೂ ಹೇಳಿದ, ಓಲೀಟಾ ತಲೆಯಾಡಿಸಿದಳು. ಅವನು ಸತ್ತು ಏಳು ವರ್ಷವಾಯಿತು, ಅವನ ಪಟ ಈಗಲೂ ಕ್ಲಬ್ಬಿನ ಗೋಡೆಯ ಮೇಲಿದೆ.

ಆ ಕುಪ್ಪಿಯನ್ನು ಹಾಯ್ಟನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟವನು ಅವನ ಜೀವದ ಗೆಳೆಯ ವರ್ಲ್ ಹ್ಯಾಂಬಿ. ಅಂದಿನಿಂದ ವರ್ಲ್ ರಿವಾಲ್ವರ್ ಮುಟ್ಟಿಲ್ಲ. ಆದರೆ ಶನಿವಾರ ತಪ್ಪಿಸಿದವನೂ ಅಲ್ಲ. ದೊಡ್ಡ ಹಂಡೆಯಲ್ಲಿ ಕಾಫಿ ಕಾಯಿಸುತ್ತಾನೆ, ಬಿಸ್ಕಿಟ್ ರೊಟ್ಟಿಗೆ ಮಾಂಸದ ಗೊಜ್ಜು ಸುರಿದು ಬಡಿಸುತ್ತಾನೆ, ಮೊದಲ ಲೋಟವನ್ನು ಓಲೀಟಾಗೆ ತಂದುಕೊಡುತ್ತಾನೆ. ಭಾನುವಾರ ಚರ್ಚು ಮುಗಿದ ಮೇಲೆ ಅವಳ ಮನೆಯಲ್ಲೇ ಅವನ ಊಟ. ಅವನನ್ನೂ ಅವಳು ಪೆದ್ದರ ಪಟ್ಟಿಯಲ್ಲೇ ಸೇರಿಸಿದ್ದಳು, ಸ್ವಲ್ಪ ಮೇಲಿನ ಸಾಲಿನಲ್ಲಿ.

ಪಟ್ಟಿಯ ತಳದಲ್ಲಿದ್ದವನು ಲೆಲಂಡ್ ಫೋರ್ನಿ. ಪಟ್ಟಣದಲ್ಲಿ ಮೂವತ್ತು ವರ್ಷ ಜನರ ಹಲ್ಲು ಕಿತ್ತು, ಈಗ ಗುಡ್ಡಕ್ಕೆ ಬಂದು ಅಶ್ವದಳದ ಕ್ಯಾಪ್ಟನ್ನಿನ ಕೋಟು ಹೊಲಿಸಿಕೊಂಡ ದಂತವೈದ್ಯ. ಕುದುರೆ ಕಂಡರೆ ಸೀನುತ್ತಿದ್ದ. ಬಂದ ಎರಡನೇ ವರ್ಷಕ್ಕೆ ಅಧ್ಯಕ್ಷನಾದ, ಏಕೆಂದರೆ ಬೇರೆ ಯಾರಿಗೂ ಬೇಕಿರಲಿಲ್ಲ. ಅವನ ಕುಪ್ಪಿ ಹದ್ದಿನ ಚಿತ್ರ ಉಬ್ಬಿಸಿದ ಹಿತ್ತಾಳೆಯದು, ಸೋರೆಕಾಯಿ ಗಾತ್ರದ್ದು. ಅವನ ಸಣ್ಣ ರಿವಾಲ್ವರಿನ ಒಂದು ಗೂಡಿಗೆ ಇಪ್ಪತ್ತು ಗ್ರೇನ್ ತೂಕದ ಮದ್ದು ಸಾಕು, ಆ ಕುಪ್ಪಿಯ ಮೂತಿ ನಲವತ್ತು ಉಗುಳುತ್ತಿತ್ತು.

“ಇದು ರೈಫಲ್ ಕುಪ್ಪಿ ಕಣೋ ಡಾಕ್ಟ್ರೇ,” ಎಂದು ಓಲೀಟಾ ಮೊದಲ ದಿನವೇ ಹೇಳಿದ್ದಳು. “ಹಾಲುಹಲ್ಲು ಕೀಳೋಕೆ ಹಾರೆ ತಗೊಂಡೋಗ್ತಿದ್ಯಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಫೋರ್ನಿ ಮರೆಯಲಿಲ್ಲ.

ಮೇ ತಿಂಗಳ ಒಂದು ಬುಧವಾರ ಅವನ ಸುತ್ತೋಲೆ ಬಂತು. ದಿನದ ಮೊದಲ ಸುತ್ತು ತುಂಬುವಾಗ ರಿವಾಲ್ವರ್ ತಣ್ಣಗಿರುತ್ತದೆ, ಕಿಡಿಯ ಪ್ರಶ್ನೆಯೇ ಇಲ್ಲ. ಆದ್ದರಿಂದ ಒಳ್ಳೆಯ ಕುಪ್ಪಿ ಇದ್ದವರು ಮೊದಲ ಸುತ್ತನ್ನು ಕುಪ್ಪಿಯಿಂದಲೇ ನೇರ ಸುರಿಯಬಹುದು, ನಮ್ಮ ಹಿರಿಯರೂ ಹಾಗೇ ಮಾಡುತ್ತಿದ್ದರು ಎಂದು ಬರೆದಿದ್ದ. ಹಿರಿಯರು ಬರಿಗೈಯಲ್ಲಿ ಹಲ್ಲನ್ನೂ ಕೀಳುತ್ತಿದ್ದರು ಎಂದು ಓಲೀಟಾ ಕಾಗದವನ್ನು ಒಲೆಗೆ ಹಾಕಿದಳು.

ಆದರೆ ತಣ್ಣಗಿನ ರಿವಾಲ್ವರ್ ಎಂಬ ಮಾತನ್ನು ಅವಳು ಹಿಂದೆ ಕೇಳಿದ್ದಳು. ಅಡುಗೆಮನೆಯ ಅಟ್ಟದಿಂದ ಹಂದಿ ಕೊಬ್ಬಿನ ಹಳೇ ಡಬ್ಬಿ ಇಳಿಸಿ, ಅದರೊಳಗಿನ ಬಟ್ಟೆಗಂಟನ್ನು ಚೀಲಕ್ಕೆ ಹಾಕಿಕೊಂಡಳು. ತೆಗೆಯಬೇಕಾಗಿ ಬಾರದಿರಲಿ, ಇಪ್ಪತ್ತು ಜನರಲ್ಲಿ ಒಬ್ಬನಿಗಾದರೂ ತಲೆ ಇದ್ದೀತು ಎಂದುಕೊಂಡಳು.

ಶನಿವಾರ ತಗಡಿನ ಚಾವಣಿಯ ಕೆಳಗೆ ಸಭೆ ಸೇರಿತು. ಫೋರ್ನಿ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟುಕೊಂಡು ಮಾತಾಡಿದ. ನೇರ ಸುರಿಯುವುದರಲ್ಲಿ ಅಪಾಯವಿಲ್ಲ, ಅಪಾಯವಿರುವುದು ಕಳಪೆ ಕುಪ್ಪಿಯಲ್ಲಿ, ಅದಕ್ಕೆ ನಮ್ಮ ಸಂಸ್ಥಾಪಕರೇ ಸಾಕ್ಷಿ ಎಂದು ಗೋಡೆಯ ಪಟ ತೋರಿಸಿದ. ಓಲೀಟಾ ಬೈದಳು, ಎಂದಿನ ಹಾಗೆ ಎಲ್ಲರೂ ನಕ್ಕರು. ಹತ್ತೊಂಬತ್ತು ವರ್ಷ ಪ್ರತಿ ಶನಿವಾರವೂ ಬೈದರೆ ಬೈಗುಳಕ್ಕೆ ಎಷ್ಟು ಬೆಲೆ ಉಳಿದೀತು.

ಆಗ ಕಾಫಿ ಹಂಡೆಯ ಹಿಂದಿನಿಂದ ವರ್ಲ್ ಮಾತಾಡಿದ. ಸಭೆಯಲ್ಲಿ ಅವನು ಬಾಯಿ ತೆರೆದದ್ದನ್ನು ಯಾರೂ ನೋಡಿರಲಿಲ್ಲ.

“ಡಾಕ್ಟ್ರು ಹೇಳೋದು ನಿಜ,” ಎಂದ. “ಕುಪ್ಪಿ ಆರಿಸೋದ್ರಲ್ಲೇ ಇರೋದು ಎಲ್ಲಾ. ನಾನು ನೆಟ್ಟಗೆ ನೋಡ್ದೆ ಕೆಟ್ಟ ಕುಪ್ಪಿ ತಂದುಕೊಟ್ಟೆ, ಹಾಯ್ಟ್ ಕೈ ಹೋಯ್ತು. ಒಳ್ಳೇ ಕುಪ್ಪಿ ಕೊಟ್ಟಿದ್ರೆ ಏನೂ ಆಗ್ತಿರ್ಲಿಲ್ಲ.”

ಅವನು ಒಪ್ಪಿಗೆಯೆಂದು ಕೈ ಎತ್ತಿದ. ಅವನನ್ನು ನೋಡಿ ಮಿಕ್ಕವರ ಕೈಗಳೂ ಒಂದೊಂದಾಗಿ ಏಳತೊಡಗಿದವು. ಹಾಯ್ಟನ ಗೆಳೆಯನೇ ಹೇಳಿದ ಮೇಲೆ ಇನ್ನೇನು.

ಓಲೀಟಾ ಗಂಟು ಬಿಚ್ಚಿ ಬೆಂಚಿನ ಮೇಲಿಟ್ಟಳು. ಹೊಟ್ಟೆ ಸೀಳಿದ ಮೀನಿನ ಹಾಗೆ ಒಂದು ಪಕ್ಕ ಬಾಯ್ಬಿಟ್ಟುಕೊಂಡ ತಾಮ್ರದ ಕುಪ್ಪಿ.

“ಕೈ ಇಳಿಸ್ರೋ,” ಎಂದಳು. “ವರ್ಲ್, ಬಾ ಇಲ್ಲಿ. ಇದರ ಸನ್ನೆ ಒತ್ತಿ ಬಿಡು.”

ವರ್ಲ್ ಬಂದ. ಒತ್ತಿದ, ಬಿಟ್ಟ. ಬಾಗಿಲು ಟಕ್ಕನೆ ಮುಚ್ಚಿತು.

“ಬೆಸುಗೆ ಕೆಟ್ಟಿರ್ಲಿಲ್ಲ. ತಂದ ದಿನ ನಾನೇ ನೋಡಿದ್ದೆ. ಅವತ್ತು ಅವನು ಗೂಡೆಲ್ಲ ಬಟ್ಟೇಲಿ ಒರೆಸ್ದ. ಒಳಗಿನ ಎಣ್ಣೆ ಒಣಗ್ಲಿ ಅಂತ ಮದ್ದಿಲ್ದೆ ಬರೀ ಕೇಪು ಹೊಡ್ದ, ನೀವೆಲ್ಲ ಮಾಡೋ ಹಾಗೇ. ಒರೆಸಿದ ಬಟ್ಟೆದೊಂದು ಎಳೆ ಒಳಗೆ ಉಳ್ಕೊಂಡು, ಆ ಕೇಪಿನ ಕಿಡಿಗೆ ಹೊಗೆಯಾಡ್ತಿತ್ತು. ‘ತಣ್ಣಗಿದೆ ಬಿಡೇ’ ಅಂದು ಕುಪ್ಪಿಯಿಂದ್ಲೇ ಸುರ್ದ. ಅದು ಮೊದಲ್ನೇ ಸುತ್ತು ಕಣೋ ಡಾಕ್ಟ್ರೇ.”

ಅವಳು ಮುಂದುವರಿಸಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಅಡುಗೆಮನೆಯ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು, ಊರಿಗೆಲ್ಲ ಪಾಠ ಹೇಳಿದವನು ನಾನು, ಕುಪ್ಪಿ ಕೆಟ್ಟಿತ್ತು ಅಂತ ಹೇಳೇ ಎಂದು ಹಾಯ್ಟ್ ಬೇಡಿಕೊಂಡಿದ್ದ. ಅವಳು ಮಾತು ಕೊಟ್ಟಿದ್ದಳು.

“ಹಾಗಾದರೆ ನಮ್ಮ ಸಂಸ್ಥಾಪಕರು ಅಜಾಗರೂಕರು ಅಂತೀರಾ ನೀವು?” ಎಂದ ಫೋರ್ನಿ.

“ಪೆದ್ದ. ನಿನ್ನಷ್ಟೇ ಪೆದ್ದ. ಮೂವತ್ತೆಂಟು ವರ್ಷ ಬಾಳ್ವೆ ಮಾಡಿದೀನಿ, ನಂಗೊತ್ತಿಲ್ವಾ?”

ಈ ಸಲ ಯಾರೂ ನಗಲಿಲ್ಲ. ಫೋರ್ನಿ ಸುತ್ತೋಲೆಯನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡ. ಗೆದ್ದಳು ಓಲೀಟಾ, ಗೆದ್ದ ಗತ್ತಿನಲ್ಲೇ ತಿರುಗಿದಳು, ಆಗ ವರ್ಲ್‌ನ ಮುಖ ಕಂಡಿತು.

ಅವನು ಇನ್ನೂ ಸನ್ನೆ ಒತ್ತುತ್ತಲೇ ಇದ್ದ. ಟಕ್. ಟಕ್. ಸೀಳಿದ ಅಂಚಿನ ಮೇಲೆ ಬೆರಳಾಡಿಸಿದ.

“ಒಳ್ಳೇ ಕುಪ್ಪಿನೇ ಆಗಿತ್ತು,” ಎಂದ.

“ಹೂಂ.”

“ಹಾಯ್ಟ್ ಹೋಗಿ ಏಳು ವರ್ಷ ಆಯ್ತು, ಓಲೀಟಾ ಅವ್ರೇ. ಪ್ರತಿ ಭಾನುವಾರ ನಿಮ್ಮನೇಲಿ ಊಟ ಮಾಡಿದೀನಿ. ಇದು ಅಲ್ಲೇ ಇತ್ತಾ?”

ಊರಿನವರ ಕೈ ಕಾಲು ಕಣ್ಣು ಕಾಯ್ದವಳು ಈ ಮನುಷ್ಯನ ಜೀವವನ್ನು ಹತ್ತೊಂಬತ್ತು ವರ್ಷ ಸಣ್ಣ ಉರಿಯಲ್ಲಿ ಬೇಯಿಸಿದ್ದಳು, ಅದೂ ಗಂಡನ ಜಂಬಕ್ಕಾಗಿ. ಹೌದು ಎಂದು ತಲೆಯಾಡಿಸಿದಳು.

ವರ್ಲ್ ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಏಪ್ರನ್ ಬಿಚ್ಚಿ, ನೀಟಾಗಿ ಮಡಚಿ, ಹಂಡೆಯ ಪಕ್ಕದಲ್ಲಿಟ್ಟ. ಕುಪ್ಪಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಅವನ ಹಳೇ ಟ್ರಕ್ಕು ಹಳ್ಳ ದಾಟಿ ಏರು ಹತ್ತುವ ಸದ್ದು ಬಹಳ ಹೊತ್ತು ಕೇಳಿಸಿತು.

ಹಂಡೆಯಲ್ಲಿ ಕಾಫಿ ಕುದಿಯುತ್ತಿತ್ತು, ಇಪ್ಪತ್ತು ಗಂಡಸರು ಲೋಟ ಹಿಡಿದು ಮಿಕಮಿಕ ನೋಡುತ್ತಿದ್ದರು. ಓಲೀಟಾ ಹಂಡೆಯ ಹಿಂದೆ ಹೋಗಿ, ವರ್ಲ್ ಬಿಟ್ಟುಹೋದ ಏಪ್ರನ್ ಕಟ್ಟಿಕೊಂಡಳು. ಮೊದಲು ಫೋರ್ನಿ ಲೋಟ ಚಾಚಿದ. ಅವಳು ತುಂಬಿಸಿ ಕೊಟ್ಟಳು, ಏನೂ ಅನ್ನಲಿಲ್ಲ.