ತರಗತಿಯೇ ಮೆಮೊರಿಯಾದ ದಿನ

ಕೂಡಿ ಕಳೆಯುವುದಕ್ಕಲ್ಲದೆ, ಪದ ಹುಡುಕುವುದಕ್ಕೆಂದೇ ಕಟ್ಟಿದ ಕಂಪ್ಯೂಟರ್‌ಗಳಿವೆ. ಅವುಗಳ ಮೆಮೊರಿಗೆ ವಿಳಾಸ ಬೇಡ. ಗುರುತು ಕೂಗಿದರೆ ಹೊಂದುವ ಖಾನೆಯೇ ಓಗೊಡುತ್ತದೆ. ಹರಪನಹಳ್ಳಿಯ ಕಾಲೇಜಿನಲ್ಲಿ ಇದನ್ನು ಪಾಠ ಮಾಡಬೇಕಿದ್ದ ದಿನ, ಮಕ್ಕಳಿಗೆ ತಿಳಿಯದಿದ್ದರೆ ಎಂಬ ಚಿಂತೆಯಲ್ಲಿ ನಾನು ಎಂದಿನಂತೆ ಕೊಟ್ಟೂರಿನಲ್ಲಿ ಬಸ್ಸು ಹತ್ತಿದೆ.

"ನೀವೆಲ್ಲ ಒಂದೊಂದು ಖಾನೆ. ಹಲವಾಗಲು ಊರಿನವರಾಗಿ ಕನ್ನಡಕಾನೂ ಇದ್ದವರು ಎದ್ದೇಳ್ರಿ" ಎಂದೆ. ಇಬ್ಬರು ಎದ್ದರು. ಉಳಿದವರು ಮಿಕಿಮಿಕಿ ನೋಡಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ನಾನೊಂದು ಕೇಳ್ಲೇನ್ರಿ ಸರ್?" ಎಂದಳು ಹಿಂದಿನ ಬೆಂಚಿನ ಹುಡುಗಿ.

"ಕೇಳವ್ವಾ."

ಅವಳು ಇಡೀ ತರಗತಿಗೆ ಕೂಗಿದಳು: "ಕೊಟ್ಟೂರು ಬಸ್ಸು ತಪ್ಪೀತಂತ ಗಳಿಗಿಗೊಮ್ಮಿ ಗಡಿಯಾರ ನೋಡೋರು ಎದ್ದೇಳ್ರಿ!"

ಒಬ್ಬರೂ ಏಳಲಿಲ್ಲ. ಎಲ್ಲರೂ ನನ್ನತ್ತ ತಿರುಗಿ ನಕ್ಕರು. ಪಾಠ ಅರ್ಥವಾಗಿತ್ತು. ನಾನಂತೂ ಮೊದಲೇ ನಿಂತಿದ್ದೆ.